ಇದು ಊಜಿ ನೊಣವಾ, ಬೇರೆಯದಾ? ಪದೇ ಪದೇ ಕೇಳುವ ಪ್ರಶ್ನೆಗಳು

ರೇಷ್ಮೆ ಹುಳು ಸಾಕುವವರ ಮಟ್ಟಿಗೆ ನೊಣದಲ್ಲಿ ಎರಡೇ ಜಾತಿ. ಒಂದು ಊಜಿ, ಇನ್ನೊಂದು ಊಜಿ ಅಲ್ಲದ್ದು. ತಾಪತ್ರಯ ಇರುವುದು ಇವೆರಡನ್ನು ಬೇರೆ ಮಾಡುವುದರಲ್ಲಿ. ಮಸುಕಾದ ಫೋಟೋ ತೋರಿಸಿ "ಇದು ಊಜಿನಾ ನೋಡಿ" ಎಂದು ಕೇಳುವವರು ತುಂಬಾ ಜನ. ಎಷ್ಟೋ ಸಲ ಅದು ಸಾದಾ ಮನೆನೊಣ. ಕೆಲವು ಸಲ ಮಾತ್ರ "ಅಯ್ಯೋ, ಮನೆನೊಣ ಬಿಡಿ" ಎಂದು ಸುಮ್ಮನಿದ್ದದ್ದೇ ಊಜಿ ಆಗಿರುತ್ತದೆ. ಅದಕ್ಕೇ ಮೈಮೇಲಿನ ಗುರುತುಗಳನ್ನು ನೋಡಿ ಹೇಳುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ.

ಊಜಿ ನೊಣ ಅಂದರೆ ಏನು? ಆ ಹೆಸರು ಎಲ್ಲಿಂದ ಬಂತು?

ಊಜಿ ಒಂದು ಪರಾವಲಂಬಿ ನೊಣ. ಜೀವಂತ ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬಂದ ಮರಿ ರೇಷ್ಮೆ ಹುಳದ ಒಳಗೆ ನುಗ್ಗಿ, ಒಳಗಿನದನ್ನೇ ತಿಂದು ಬೆಳೆಯುತ್ತದೆ. ಕೊನೆಗೆ ಹುಳ ಸಾಯುತ್ತದೆ. ವಿಜ್ಞಾನದ ಹೆಸರು ಎಕ್ಸೋರಿಸ್ಟಾ ಬಾಂಬಿಸಿಸ್. ಟ್ಯಾಕಿನಿಡ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಆ ಕುಟುಂಬದಲ್ಲಿ ಇಲ್ಲಿಯವರೆಗೆ ಹೆಸರಿಟ್ಟಿರುವ ಜಾತಿಗಳೇ 8,500ಕ್ಕಿಂತ ಜಾಸ್ತಿ. ಹೆಚ್ಚುಕಡಿಮೆ ಎಲ್ಲವೂ ಬೇರೆ ಕೀಟಗಳ ಮೈಯಲ್ಲೇ ಬೆಳೆಯುವಂಥವು.

ಊಜಿ ಎನ್ನುವುದು ಕನ್ನಡದ ಪದ ಅಲ್ಲ. ಜಪಾನಿ ಭಾಷೆಯಲ್ಲಿ 'ಉಜಿ' ಎಂದರೆ ನೊಣದ ಮರಿಹುಳ. ಜಪಾನಿನಲ್ಲೂ ರೇಷ್ಮೆ ಹುಳಕ್ಕೆ ಬೀಳುವ ಒಂದು ಊಜಿ ನೊಣ ಇದೆ. ಅದು ನಮ್ಮದಲ್ಲ, ಬೇರೆ ಜಾತಿ. ಅದು ಹುಳದ ಮೇಲೆ ಮೊಟ್ಟೆ ಇಡುವುದಿಲ್ಲ, ಹಿಪ್ಪುನೇರಳೆ ಎಲೆಯ ಮೇಲೆ ಇಡುತ್ತದೆ. ಹುಳ ಸೊಪ್ಪಿನ ಜೊತೆ ಮೊಟ್ಟೆಯನ್ನೂ ತಿಂದುಬಿಡುತ್ತದೆ. ನಮ್ಮ ಊಜಿ ಹಾಗೆ ಮಾಡುವುದಿಲ್ಲ. ಹಾಗಾಗಿ "ಸೊಪ್ಪು ತೊಳೆದು ಹಾಕಿದರೆ ಊಜಿ ಬರಲ್ಲ" ಎಂಬ ಮಾತು ಇಲ್ಲಿ ಕೆಲಸಕ್ಕೆ ಬಾರದು.

ನಮ್ಮ ಕಡೆಗೆ ಇದು ಯಾವಾಗ ಬಂತು?

1980ರಲ್ಲಿ. ಅದಕ್ಕೆ ಮುಂಚೆ ಇದು ಪಶ್ಚಿಮ ಬಂಗಾಳದ ಕಡೆಯ ಕಾಟವಾಗಿತ್ತು. ಅಲ್ಲಿಂದ ತಂದ ರೇಷ್ಮೆ ಗೂಡಿನ ಜೊತೆ ಗೊತ್ತಿಲ್ಲದೆ ಕರ್ನಾಟಕಕ್ಕೆ ಬಂತು. ಆಮೇಲೆ ಆಂಧ್ರ, ತಮಿಳುನಾಡಿಗೂ ಹಬ್ಬಿತು. ಅದಕ್ಕೇ ಹಳೆಯ ಕಾಲದವರು "ನಮ್ಮ ಕಾಲದಲ್ಲಿ ಊಜಿ ಇರಲಿಲ್ಲ" ಎಂದರೆ ನಂಬಬಹುದು. ಅದು ಬರೀ ಹಳೇ ಕಾಲ ಚೆನ್ನಾಗಿತ್ತು ಎನ್ನುವ ಮಾತಲ್ಲ, ನಿಜವಾಗಿಯೂ ಇರಲಿಲ್ಲ.

ದೊಡ್ಡ ನೊಣ ನೋಡಲು ಹೇಗಿರುತ್ತದೆ?

ಮನೆನೊಣಕ್ಕಿಂತ ದೊಡ್ಡದು, ದಪ್ಪ. ಮನೆನೊಣ 6ರಿಂದ 7 ಮಿಲಿಮೀಟರ್ ಇದ್ದರೆ ಇದು 10ರಿಂದ 12 ಮಿಲಿಮೀಟರ್ ಆಸುಪಾಸು. ಬಣ್ಣ ಕಪ್ಪು ಬೆರೆತ ಬೂದಿ. ಮುಂದಿನಿಂದ ನೋಡಿದರೆ ತಲೆ ತ್ರಿಕೋನದಂತೆ ಕಾಣುತ್ತದೆ. ಎದೆಯ ಮೇಲ್ಭಾಗದಲ್ಲಿ ಉದ್ದಕ್ಕೆ ನಾಲ್ಕು ಕಪ್ಪು ಪಟ್ಟಿ. ಹೊಟ್ಟೆ ಹಿಂದಕ್ಕೆ ಹೋದಂತೆ ಚೂಪಾಗುತ್ತದೆ. ಹೊಟ್ಟೆಯ ಮೊದಲ ಭಾಗ ಕಪ್ಪು, ಉಳಿದದ್ದು ಹಳದಿ ಬೆರೆತ ಬೂದಿ ಬಣ್ಣ.

ಆದರೆ ಕಣ್ಣಿಗೆ ಮೊದಲು ಬೀಳಬೇಕಾದದ್ದು ಇದ್ಯಾವುದೂ ಅಲ್ಲ, ಬಿರುಗೂದಲು. ಊಜಿಯ ಹೊಟ್ಟೆಯ ಮೇಲೆ ದಪ್ಪ ಕಪ್ಪು ಕೂದಲು ನೆಟ್ಟಗೆ ನಿಂತಿರುತ್ತವೆ. ತೆಂಗಿನ ನಾರಿನ ಬ್ರಷ್ ಇದ್ದ ಹಾಗೆ. ಮನೆನೊಣದ ಹೊಟ್ಟೆ ಅದರ ಮುಂದೆ ನುಣ್ಣಗೆ ಕಾಣುತ್ತದೆ. ಭೂತಗನ್ನಡಿ ಇಲ್ಲದೆಯೂ, ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಇದು ಗೊತ್ತಾಗುತ್ತದೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ನೊಣದ ಮೈಮೇಲೆ ಸಣ್ಣ ಬೂದಿಯಂಥ ಪುಡಿ ಇರುತ್ತದೆ. ಬೆಳಕು ಯಾವ ಕಡೆಯಿಂದ ಬೀಳುತ್ತದೋ ಅದರ ಮೇಲೆ ಬಣ್ಣ ಬದಲಾದಂತೆ ಕಾಣುತ್ತದೆ. ಹಳೆಯ ನೊಣದಲ್ಲಿ ಈ ಪುಡಿ ಉದುರಿ ಪಟ್ಟಿಗಳು ಮಾಸಿರುತ್ತವೆ. ಬಣ್ಣ ಒಂದನ್ನೇ ನಂಬಿ ಕೂರಬೇಡಿ.

ಮನೆನೊಣಕ್ಕೂ ಬೆನ್ನ ಮೇಲೆ ನಾಲ್ಕು ಗೆರೆ ಇರುತ್ತದಲ್ವಾ?

ಇರುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಕರಪತ್ರಗಳಲ್ಲಿ "ಎದೆಯ ಮೇಲೆ ನಾಲ್ಕು ಕಪ್ಪು ಪಟ್ಟಿ" ಎಂದು ಬರೆದಿರುತ್ತಾರೆ. ಅದು ತಪ್ಪಲ್ಲ. ಆದರೆ ಅದನ್ನು ಓದಿಕೊಂಡು ಹೋಗಿ ನೋಡಿದರೆ ಅಡುಗೆಮನೆಯ ನೊಣಕ್ಕೂ ನಾಲ್ಕೇ ಪಟ್ಟಿ. ಆ ಗುರುತು ಬೇರೆ ಯಾವುದನ್ನೋ ಬಿಟ್ಟುಹಾಕಲು ಉಪಯೋಗ. ಉದಾಹರಣೆಗೆ ಮಾಂಸದ ನೊಣಕ್ಕೆ ಮೂರೇ ಪಟ್ಟಿ. ಮನೆನೊಣದಿಂದ ಊಜಿಯನ್ನು ಬೇರೆ ಮಾಡಲು ಮಾತ್ರ ಅದು ಸಾಲದು.

ರೆಕ್ಕೆಯ ನರದ ವಿಷಯವೂ ಹೀಗೇ. ಊಜಿಯ ರೆಕ್ಕೆಯಲ್ಲಿ ನಡುವಿನ ಒಂದು ನರ ತುದಿಯ ಹತ್ತಿರ ಥಟ್ಟನೆ ಮುಂದಕ್ಕೆ ಬಾಗುತ್ತದೆ. ನೋಡಲು ಚೆನ್ನಾಗಿ ಕಾಣುವ ಗುರುತು. ಆದರೆ ಮನೆನೊಣದಲ್ಲೂ ಅದು ಬಾಗಿಯೇ ಇರುತ್ತದೆ.

ಹಾಗಾದರೆ ಖಚಿತವಾಗಿ ಹೇಳುವ ಗುರುತು ಯಾವುದು?

ಮೂರು ಜಾಗ ನೋಡಬೇಕು. ಅದಕ್ಕೆ 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಬೇಕು. ಒಡವೆ ಅಂಗಡಿಯವರು ಕಣ್ಣಿಗೆ ಒತ್ತಿಕೊಂಡು ನೋಡುವಂಥದ್ದು. ನೊಣ ಸತ್ತಿರಬೇಕು ಅಥವಾ ಚಳಿಗೆ ಮರಗಟ್ಟಿರಬೇಕು.

ಮೊದಲು ಪಕ್ಕಕ್ಕೆ ಮಲಗಿಸಿ ಎದೆಯ ಬದಿ ನೋಡಿ. ಹಿಂಗಾಲು ಎದೆಗೆ ಸೇರುವ ಜಾಗದ ಮೇಲ್ಗಡೆ, ಉಸಿರಾಟದ ಸಣ್ಣ ರಂಧ್ರದ ಕೆಳಗೆ, ದಪ್ಪ ಬಿರುಗೂದಲುಗಳ ಒಂದು ಸಾಲು ಮೇಲಿನಿಂದ ಕೆಳಕ್ಕೆ ಇದೆಯಾ? ಇಲ್ಲ ಎಂದರೆ ಅದು ಮನೆನೊಣ ಅಥವಾ ಅದರ ನೆಂಟರು. ಅಲ್ಲಿಗೆ ಮುಗಿಯಿತು. ಇದೆ ಎಂದರೆ ಮೂರು ಸಾಧ್ಯತೆ ಉಳಿಯುತ್ತವೆ: ಟ್ಯಾಕಿನಿಡ್, ಮಾಂಸದ ನೊಣ, ಹಸಿರು ನೊಣ.

ಎರಡನೆಯದೇ ಮುಖ್ಯ. ನೊಣದ ಎದೆಯ ಹಿಂದಿನ ಕೊನೆಯಲ್ಲಿ, ಬೆನ್ನ ಮೇಲೆ, ಒಂದು ಸಣ್ಣ ತ್ರಿಕೋನದ ಫಲಕ ಇರುತ್ತದೆ. ಇದು ಎಲ್ಲ ನೊಣಗಳಲ್ಲೂ ಇದೆ. ಪಕ್ಕದಿಂದ ನೋಡಿದಾಗ ಆ ಫಲಕದ ಕೆಳಗೆ ಇನ್ನೊಂದು ಗುಂಡನೆಯ ಉಬ್ಬು ಕಂಡರೆ ಅದು ಟ್ಯಾಕಿನಿಡ್. ಒಂದು ಗುಬುಟಿನ ಕೆಳಗೆ ಇನ್ನೊಂದು ಗುಬುಟು. ಮನೆನೊಣ, ಮಾಂಸದ ನೊಣ, ಹಸಿರು ನೊಣ ಮೂರಕ್ಕೂ ಆ ಎರಡನೇ ಉಬ್ಬು ಹೀಗೆ ಎದ್ದಿರುವುದಿಲ್ಲ. ಮೇಲಿನಿಂದ ನೋಡಿದರೆ ಇದು ಕಾಣುವುದೇ ಇಲ್ಲ. ರೆಕ್ಕೆಯನ್ನು ಸೂಜಿಯಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಬೇಕು. ಒಂದೇ ಗುರುತು ಹೇಳಿ ಎಂದು ಯಾರಾದರೂ ಹಟ ಹಿಡಿದರೆ ನಾನು ಹೇಳುವುದು ಇದನ್ನೇ.

ಮೂರನೆಯದು ಮುಖದ ಕುಡಿಮೀಸೆ. ನೊಣದ ಕುಡಿಮೀಸೆ ಮೊಂಡಾಗಿ ಕೆಳಕ್ಕೆ ಜೋತಿರುತ್ತದೆ. ಅದರಿಂದ ಒಂದು ತೆಳುವಾದ ಎಳೆ ಪಕ್ಕಕ್ಕೆ ಹೊರಟಿರುತ್ತದೆ. ಊಜಿಯಲ್ಲಿ ಈ ಎಳೆ ಬೋಳು. ಮನೆನೊಣದಲ್ಲಿ ತುದಿಯವರೆಗೂ ಎರಡು ಕಡೆ ಕೂದಲು, ಹಕ್ಕಿಯ ಪುಕ್ಕದ ಹಾಗೆ. ಮಾಂಸದ ನೊಣದಲ್ಲಿ ಬುಡದ ಅರ್ಧ ಪುಕ್ಕ, ತುದಿ ಬೋಳು.

ಇಷ್ಟು ನೋಡಿದರೆ "ಇದು ಟ್ಯಾಕಿನಿಡ್" ಎಂದು ಧೈರ್ಯವಾಗಿ ಹೇಳಬಹುದು. ಅದು ಊಜಿಯೇ ಎಂದು ಹೇಳಲು ಇನ್ನೊಂದು ಸಾಕ್ಷಿ ಬೇಕು. ಅದು ಎಲ್ಲಿ ಸಿಕ್ಕಿತು, ಯಾವ ಹುಳದಿಂದ ಹೊರಬಂತು ಎನ್ನುವುದು. ಅದನ್ನು ಮುಂದೆ ಹೇಳುತ್ತೇನೆ.

ಹಸಿರು ನೊಣ, ಮಾಂಸದ ನೊಣ ಇವುಗಳ ಜೊತೆ ಗೊಂದಲ ಆಗುವುದಿಲ್ವಾ?

ಹಸಿರು ನೊಣದ ಜೊತೆ ಆಗುವುದಿಲ್ಲ. ಮೀನು ಮಾರುಕಟ್ಟೆಯಲ್ಲಿ ನೋಡಿರುತ್ತೀರಿ, ಹಸಿರು ನೀಲಿ ಲೋಹದ ಹೊಳಪು, ಕೆಂಪು ಕಣ್ಣು. ಊಜಿಗೆ ಆ ಹೊಳಪು ಇಲ್ಲ.

ಮಾಂಸದ ನೊಣವೇ ಹೆಚ್ಚು ಮೋಸ ಮಾಡುವುದು. ಗಾತ್ರ ಅಷ್ಟೇ, ಬಣ್ಣ ಅದೇ ಬೂದಿ. ಬೆನ್ನ ಮೇಲೆ ಪಟ್ಟಿ ಎಣಿಸಿ. ಮೂರು ಇದ್ದು, ಹೊಟ್ಟೆಯ ಮೇಲೆ ಚದುರಂಗದ ಮಣೆಯ ಹಾಗೆ ಕಪ್ಪು ಬಿಳಿ ಚೌಕ ಇದ್ದರೆ ಮಾಂಸದ ನೊಣ. ಇನ್ನೊಂದು ತಮಾಷೆ ಎಂದರೆ ಇದು ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿಹುಳಗಳನ್ನೇ ಇಡುತ್ತದೆ. ಹೆಣ್ಣನ್ನು ಹಿಸುಕಿದಾಗ ಜೀವಂತ ಮರಿಗಳು ಹೊರಬಂದರೆ ಅದು ಊಜಿ ಅಲ್ಲ.

ಗಂಡು ಯಾವುದು, ಹೆಣ್ಣು ಯಾವುದು?

ಗಂಡು ಸ್ವಲ್ಪ ಉದ್ದ. ಅದರ ಹೊಟ್ಟೆ ಕಿರಿದು, ಬದಿಗಳಲ್ಲಿ ಬಿರುಗೂದಲು ಜಾಸ್ತಿ. ಹೊಟ್ಟೆಯ ತುದಿಯ ಕೆಳಗಡೆ ಕಂದು ಕಿತ್ತಳೆ ಬಣ್ಣದ ಕೂದಲು ಕಾಣುತ್ತದೆ. ಹೆಣ್ಣಿನ ಹೊಟ್ಟೆ ಅಗಲ.

ಹುಳದ ಮೇಲೆ ಬಿಳಿ ಚುಕ್ಕೆ ಇದೆ. ಅದು ಮೊಟ್ಟೆಯಾ, ಸುಣ್ಣದ ಪುಡಿಯಾ?

ಒಳ್ಳೆಯ ಪ್ರಶ್ನೆ. ಜ್ವರಕ್ಕೆ ಕೂತಾಗ, ಎಂದರೆ ಪೊರೆ ಬಿಡುವ ಮೊದಲು ಹುಳ ತಿನ್ನದೆ ಸುಮ್ಮನಿದ್ದಾಗ, ಅದರ ಮೇಲೆ ಸುಣ್ಣ ಉದುರಿಸುತ್ತೇವೆ, ಸೋಂಕು ತಡೆಯುವ ಪುಡಿಗಳನ್ನೂ ಹಾಕುತ್ತೇವೆ. ಆಮೇಲೆ ನೋಡಿದರೆ ಎಲ್ಲ ಹುಳದ ಮೇಲೂ ಊಜಿ ಮೊಟ್ಟೆ ಇದ್ದ ಹಾಗೆ ಕಾಣುತ್ತದೆ.

ಕೋಳಿ ಪುಕ್ಕ ಅಥವಾ ಮೃದು ಬ್ರಷ್‌ನಿಂದ ಸವರಿ. ಸುಣ್ಣ ಉದುರುತ್ತದೆ. ಮೊಟ್ಟೆ ಅಲ್ಲೇ ಇರುತ್ತದೆ, ಅಂಟು ಹಾಕಿ ಕೂರಿಸಿದ ಹಾಗೆ ಗಟ್ಟಿ. ಭೂತಗನ್ನಡಿಯಲ್ಲಿ ಸುಣ್ಣದ ಕಣ ಅಂಕುಡೊಂಕು, ಬಣ್ಣ ಬಿಳುಚು. ಮೊಟ್ಟೆ ಕೆನೆ ಬಣ್ಣ, ಎಲ್ಲವೂ ಒಂದೇ ಆಕಾರ: ಉದ್ದನೆಯ ಅಂಡಾಕಾರ, ಮೇಲೆ ಉಬ್ಬು, ಕೆಳಗೆ ಚಪ್ಪಟೆ. ಉದ್ದ ಸುಮಾರು ಅರ್ಧ ಮಿಲಿಮೀಟರ್, ಗುಂಡುಸೂಜಿಯ ತಲೆಗಿಂತ ಚಿಕ್ಕದು. ಸಾಮಾನ್ಯವಾಗಿ ಒಂದು ಹುಳದ ಮೇಲೆ ಒಂದೋ ಎರಡೋ. ಕಾಟ ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಒಂದು ಹೆಣ್ಣು ತನ್ನ ಜೀವಮಾನದಲ್ಲಿ ಕೆಲವು ನೂರು ಮೊಟ್ಟೆ ಇಡುತ್ತದೆ. ಒಂದು ಹುಳಕ್ಕೆ ಒಂದೆರಡು ಎಂದರೆ ಒಂದೇ ನೊಣ ಎಷ್ಟು ಹುಳ ಕೆಡಿಸಬಹುದು, ನೀವೇ ಲೆಕ್ಕ ಹಾಕಿ.

ಮೊಟ್ಟೆ 2ರಿಂದ 3 ದಿನದಲ್ಲಿ ಒಡೆಯುತ್ತದೆ. ಅಷ್ಟರೊಳಗೆ ಹುಳ ಜ್ವರ ಎದ್ದು ಪೊರೆ ಬಿಟ್ಟರೆ ಮೊಟ್ಟೆಯೂ ಪೊರೆಯ ಜೊತೆ ಹೋಗುತ್ತದೆ. ಅದು ಹುಳದ ಅದೃಷ್ಟ. ನಾಲ್ಕನೇ ಜ್ವರ ಎದ್ದ ಮೇಲೆ ಆ ಅದೃಷ್ಟವೂ ಇಲ್ಲ, ಯಾಕೆಂದರೆ ಅದರ ನಂತರ ಹುಳ ಗೂಡು ಕಟ್ಟುವವರೆಗೆ ಪೊರೆ ಬಿಡುವುದಿಲ್ಲ.

ಹುಳದ ಮೈಮೇಲೆ ಕಪ್ಪು ಕಲೆ ಕಂಡರೆ ಊಜಿ ಎಂದು ತಿಳಿಯಬಹುದಾ?

ಕಲೆ ಯಾವ ತರ ಎಂದು ನೋಡಬೇಕು. ಮರಿ ಒಳಗೆ ನುಗ್ಗಿದ ಜಾಗದಲ್ಲಿ ಚರ್ಮ ಕಪ್ಪಾಗಿ ಗಾಯದ ಕಲೆ ಆಗುತ್ತದೆ. ಒಳಗೆ ಇರುವ ಮರಿಗೂ ಗಾಳಿ ಬೇಕಲ್ವಾ? ಅದು ತನ್ನ ಹಿಂಭಾಗವನ್ನು ಆ ತೂತಿಗೆ ಒತ್ತಿಕೊಂಡು ಅಲ್ಲಿಂದ ಉಸಿರಾಡುತ್ತದೆ. ಹಾಗಾಗಿ ಕಲೆ ದಿನದಿಂದ ದಿನಕ್ಕೆ ದೊಡ್ಡದಾಗುತ್ತದೆ. ಕಲೆಯ ಹತ್ತಿರ ಬಿಳಿ ಮೊಟ್ಟೆ ಚಿಪ್ಪು ಅಂಟಿಕೊಂಡಿದ್ದರೆ ಇನ್ನು ಅನುಮಾನವೇ ಬೇಡ.

ಪೆಬ್ರಿನ್ ರೋಗದಲ್ಲೂ ಕಪ್ಪು ಚುಕ್ಕೆ ಬರುತ್ತದೆ. ಅವು ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣವು, ತುಂಬಾ ಇರುತ್ತವೆ. ಊಜಿಯದು ಒಂದೋ ಎರಡೋ, ದಪ್ಪ. ಹುಳಗಳು ಒತ್ತಾಗಿದ್ದಾಗ ಒಂದರ ಕಾಲಿನ ಉಗುರು ಇನ್ನೊಂದಕ್ಕೆ ತಾಗಿ ಗೀರು ಬೀಳುವುದೂ ಇದೆ. ಅದು ಗೆರೆಯ ಹಾಗೆ ಇರುತ್ತದೆ, ಬೆಳೆಯುವುದಿಲ್ಲ. ಪೆಬ್ರಿನ್ ಅನುಮಾನ ಬಂದರೆ ಕಣ್ಣಂದಾಜು ಸಾಲದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿಸಲೇಬೇಕು.

ಸತ್ತು ಕೊಳೆತ ಹುಳದಲ್ಲಿ ಬಿಳಿ ಮರಿಗಳು ತುಂಬಿವೆ. ಇಷ್ಟೊಂದು ಊಜಿ ಬಂದಿದೆಯಾ?

ಇಲ್ಲ, ಬಹುತೇಕ ಅದು ಊಜಿ ಅಲ್ಲ. ಹುಳ ಬೇರೆ ರೋಗದಿಂದ ಸತ್ತು, ಕಪ್ಪಾಗಿ, ವಾಸನೆ ಬಂದ ಮೇಲೆ ಬೇರೆ ನೊಣಗಳು ಬಂದು ಮೊಟ್ಟೆ ಇಟ್ಟಿರುತ್ತವೆ. ಊಜಿ ಜೀವಂತ ಹುಳವನ್ನೇ ಹುಡುಕುತ್ತದೆ. ಅದರ ಮರಿಗಳು ಒಂದು ಹುಳದಲ್ಲಿ ಕೆಲವೇ ಇರುತ್ತವೆ, ದೊಡ್ಡದಾಗಿ ಬೆಳೆಯುತ್ತವೆ. ಒಂದೇ ಹುಳದಲ್ಲಿ ಹತ್ತಾರು ಸಣ್ಣ ಮರಿ ಒದ್ದಾಡುತ್ತಿದ್ದರೆ ಹುಡುಕಬೇಕಾದದ್ದು ರೋಗದ ಕಾರಣವನ್ನು, ಊಜಿಯನ್ನಲ್ಲ. ಈ ತಪ್ಪು ದುಬಾರಿ. ಊಜಿಗೆ ಔಷಧಿ ಹೊಡೆಯುತ್ತಾ ಕೂತರೆ ಅಷ್ಟರಲ್ಲಿ ರೋಗ ಪಕ್ಕದ ಹಾಸಿಗೆಗೂ ಹೋಗಿರುತ್ತದೆ.

ಹೊರಗೆ ಬಂದ ಊಜಿ ಮರಿಯನ್ನು ಗುರುತಿಸುವುದು ಹೇಗೆ? ಅದಕ್ಕೆ ಎರಡು ಕಪ್ಪು ಕಣ್ಣು ಇರುತ್ತಂತೆ?

ಕಣ್ಣಲ್ಲ, ಮೂಗು ಎನ್ನಿ. ಅದೂ ಹಿಂಭಾಗದಲ್ಲಿ! ಬೆಳೆದ ಮರಿ ತಿಳಿ ಹಳದಿ, ಸುಮಾರು ಒಂದೂಕಾಲು ಸೆಂಟಿಮೀಟರ್ ಉದ್ದ. ಕಾಲಿಲ್ಲ, ಎದ್ದು ಕಾಣುವ ತಲೆಯೂ ಇಲ್ಲ. ಚೂಪಾಗಿರುವುದು ಮುಂದಿನ ತುದಿ, ಅಲ್ಲಿ ಬಾಯಿಯ ಕಪ್ಪು ಕೊಕ್ಕೆ ಇರುತ್ತದೆ. ಮೊಂಡಾಗಿರುವುದು ಹಿಂದಿನ ತುದಿ. ಅಲ್ಲಿರುವ ಎರಡು ಕಪ್ಪು ಚುಕ್ಕೆಗಳೇ ಉಸಿರಾಡುವ ರಂಧ್ರಗಳು. ಜನ ಅದನ್ನು ಕಣ್ಣೆಂದುಕೊಂಡು, ಹುಳ ಹಿಂದಕ್ಕೆ ನಡೆಯುತ್ತಿದೆ ಎಂದುಕೊಳ್ಳುತ್ತಾರೆ.

ಕೀಟ ತಜ್ಞರು ಮರಿಯ ಜಾತಿ ಹೇಳುವುದು ಈ ರಂಧ್ರಗಳನ್ನು ನೋಡಿಯೇ. ಮನೆನೊಣದ ಮರಿಯಲ್ಲಿ ಆ ಚುಕ್ಕೆಯ ಒಳಗೆ ಹಾವಿನ ಹಾಗೆ ಬಳುಕಿದ ಮೂರು ಸೀಳು. ಹಸಿರು ನೊಣದಲ್ಲಿ ಮೂರು ನೇರ ಸೀಳು. ಮಾಂಸದ ನೊಣದಲ್ಲಿ ಆ ಎರಡೂ ಚುಕ್ಕೆ ಒಂದು ಆಳವಾದ ಗುಂಡಿಯ ಒಳಗೆ ಅಡಗಿರುತ್ತವೆ. ಇದು ಮಾತ್ರ ಭೂತಗನ್ನಡಿಯಲ್ಲೂ ಕಾಣುತ್ತದೆ. ಉಳಿದದ್ದಕ್ಕೆ ಸೂಕ್ಷ್ಮದರ್ಶಕವೇ ಬೇಕು.

ನೆಲದಲ್ಲಿ ಕಂದು ಬಣ್ಣದ ಕೋಶ ಸಿಕ್ಕಿತು. ಯಾರದು?

ಊಜಿ ಮರಿ ಹೊರಬಂದ ಮೇಲೆ ಬೆಳಕಿನಿಂದ ದೂರ ಓಡುತ್ತದೆ. ಗೋಡೆಯ ಬಿರುಕು, ಸ್ಟ್ಯಾಂಡಿನ ಕಾಲಿನ ಸಂದು, ಸಡಿಲ ಮಣ್ಣು, ಹುಳ ಗೂಡು ಕಟ್ಟಲು ಬಿಡುವ ಚಂದ್ರಿಕೆಯ ಕೆಳಗೆ ಹಾಸಿದ ಚಾಪೆಯ ಅಡಿ, ಎಲ್ಲಿ ಕತ್ತಲೋ ಅಲ್ಲಿ. ಒಂದು ದಿನದೊಳಗೆ ಕೋಶವಾಗುತ್ತದೆ. ಎರಡೂ ತುದಿ ಗುಂಡಗಿರುವ ಸಣ್ಣ ಪೀಪಾಯಿಯ ಆಕಾರ, ಮೊದಲು ತಿಳಿ ಕೆಂಪುಗಂದು, ಆಮೇಲೆ ಗಾಢ. ಉದ್ದ ಸುಮಾರು 1 ಸೆಂಟಿಮೀಟರ್. ಮನೆನೊಣದ ಕೋಶ ಇದಕ್ಕಿಂತ ಚಿಕ್ಕದು, 6ರಿಂದ 7 ಮಿಲಿಮೀಟರ್ ಮಾತ್ರ. ಒಟ್ಟಿಗೆ ಇಟ್ಟು ನೋಡಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಖಾಲಿ ಕೋಶ ಸಿಕ್ಕರೆ ಎಸೆಯಬೇಡಿ, ಹೇಗೆ ಒಡೆದಿದೆ ನೋಡಿ. ಒಂದು ತುದಿ ಮುಚ್ಚಳ ತೆಗೆದ ಡಬ್ಬಿಯ ಹಾಗೆ ಬಿಚ್ಚಿಕೊಂಡಿದ್ದರೆ ನೊಣ ಹೊರಗೆ ಹೋಗಿದೆ. ಎಂದರೆ ಈಗ ನಿಮ್ಮ ಹುಳು ಮನೆಯ ಸುತ್ತ ಎಲ್ಲೋ ಇದೆ. ಕೋಶದ ಮೈಯಲ್ಲಿ ಸೂಜಿ ಚುಚ್ಚಿದಂಥ ಸಣ್ಣ ತೂತು ಇದ್ದರೆ ಅದು ಖುಷಿಯ ವಿಷಯ. ಅದರೊಳಗಿಂದ ಬಂದದ್ದು ಊಜಿ ಅಲ್ಲ, ಊಜಿಯನ್ನು ತಿಂದ ಪುಟ್ಟ ಕಣಜ. ನೆಸೊಲಿಂಕ್ಸ್ ಥೈಮಸ್ ಎಂಬ ಕಣಜವನ್ನು ಇದೇ ಕೆಲಸಕ್ಕೆ ಸಾಕಿ, ಚೀಲಗಳಲ್ಲಿ ರೈತರಿಗೆ ಕೊಡುತ್ತಾರೆ. ಎಳ್ಳುಕಾಳಿಗಿಂತ ಚಿಕ್ಕದು, ನಾಲ್ಕು ರೆಕ್ಕೆ. ನೊಣಕ್ಕೆ ಎರಡೇ ರೆಕ್ಕೆ. ಅದನ್ನು ನೋಡಿ ಇದೇನೋ ಹೊಸ ಸೊಳ್ಳೆ ಎಂದು ಔಷಧಿ ಹೊಡೆದವರನ್ನು ನಾನು ಕಂಡಿದ್ದೇನೆ.

ಗೂಡಿನಲ್ಲಿ ತೂತು ಇದೆ. ಎಲ್ಲ ತೂತೂ ಊಜಿಯದ್ದೇನಾ?

ಅಲ್ಲ. ತೂತಿಗೂ ಒಂದು ಮುಖ ಇರುತ್ತದೆ. ಊಜಿಯ ತೂತು ಸಣ್ಣದು, ದುಂಡಗೆ, ಒಂದೇ. ಒಳಗಿನ ಮರಿ ಹೊರಬರಲು ಮಾಡಿಕೊಂಡ ದಾರಿ ಅಷ್ಟೇ. ಚಿಟ್ಟೆ ಹೊರಬಂದ ಗೂಡು ಬೇರೆ. ಅದು ಗೂಡಿನ ಒಂದು ತುದಿಯನ್ನು ದ್ರವದಿಂದ ನೆನೆಸಿ ಎಳೆಗಳನ್ನು ಸಡಿಲ ಮಾಡಿ ಬರುತ್ತದೆ. ತೂತು ದೊಡ್ಡದು, ಸುತ್ತ ಎಳೆ ಕೆದರಿರುತ್ತದೆ, ಕಂದು ಕಲೆ ಇರುತ್ತದೆ. ಮೂರನೆಯದು ಡರ್ಮೆಸ್ಟಿಡ್ ಜೀರುಂಡೆ. ಅದು ಕೂಡಿಟ್ಟ ಗೂಡಿಗೆ ಬೀಳುತ್ತದೆ, ಹೊರಗಿನಿಂದ ಕಡಿಯುತ್ತದೆ. ತೂತು ಅಂಕುಡೊಂಕು, ಕೆಲವು ಸಲ ಒಂದೇ ಗೂಡಿಗೆ ಹಲವು. ಮನೆಯಲ್ಲಿ ಬಿಡಿಸಿದಾಗ ಸರಿಯಾಗಿದ್ದ ಗೂಡು ಕೂಡಿಟ್ಟ ಕೋಣೆಯಲ್ಲಿ ತುಂಬಾ ದಿನಗಳ ಮೇಲೆ ತೂತಾದರೆ ಮೊದಲು ಜೀರುಂಡೆಯನ್ನು ಹುಡುಕಿ.

ತೂತು ಯಾರದ್ದಾದರೂ, ಗೂಡಿನಿಂದ ನೂಲು ತೆಗೆಯುವ ರೀಲರ್‌ಗೆ ಅದು ಬೇಡ. ಒಳ್ಳೆಯ ಬಿಳಿ ಗೂಡಿನಲ್ಲಿ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಒಂದು ಸಣ್ಣ ತೂತು ಆ ಎಳೆಯನ್ನು ಎಷ್ಟೋ ಕಡೆ ಕತ್ತರಿಸುತ್ತದೆ. ಬಿಸಿನೀರಿಗೆ ಹಾಕಿದರೆ ಎಳೆ ಮತ್ತೆ ಮತ್ತೆ ತುಂಡಾಗುತ್ತದೆ. ರಾಮನಗರದಲ್ಲೋ ಶಿಡ್ಲಘಟ್ಟದಲ್ಲೋ ಗೂಡಿನ ಮಾರುಕಟ್ಟೆಯಲ್ಲಿ ಮಾರಾಟಕ್ಕಿಟ್ಟ ಲಾಟಿನಲ್ಲಿ ಕೈ ಹಾಕಿ ಗೂಡು ತಿರುಗಿಸಿ ನೋಡುತ್ತಾರಲ್ಲ, ಅವರು ಹುಡುಕುವುದರಲ್ಲಿ ಇದೂ ಒಂದು.

ಕೆಲವು ಹುಳ ಗೂಡು ಕಟ್ಟುವ ಮೊದಲೇ ಸಾಯುತ್ತವೆ, ಕೆಲವು ಕಟ್ಟಿ ಸಾಯುತ್ತವೆ. ಎರಡು ಬೇರೆ ನೊಣವಾ?

ಒಂದೇ ನೊಣ. ಮೊಟ್ಟೆ ಬಿದ್ದ ದಿನ ಬೇರೆ. ನಾಲ್ಕನೇ ಹಂತದಲ್ಲೋ ಐದನೇ ಹಂತದ ಶುರುವಿನಲ್ಲೋ ಮೊಟ್ಟೆ ಬಿದ್ದರೆ ಹುಳ ಹಣ್ಣಾಗುವ ಮೊದಲೇ ಮುಗಿಯುತ್ತದೆ. ಕೊನೆಯ ದಿನಗಳಲ್ಲಿ ಬಿದ್ದರೆ ಹುಳ ಗೂಡು ಕಟ್ಟುತ್ತದೆ, ಮರಿ ಆಮೇಲೆ ಗೂಡನ್ನು ತೂತು ಮಾಡಿ ಬರುತ್ತದೆ.

ಹಿಪ್ಪುನೇರಳೆ ತೋಟದಲ್ಲಿ ಇದೇ ತರದ ನೊಣ ಕಂಡಿತು. ಕೊಲ್ಲಬೇಕಾ?

ಸುಮ್ನೆ ಬಿಡಿ. ಟ್ಯಾಕಿನಿಡ್ ಎಲ್ಲವೂ ನಮ್ಮ ಶತ್ರುಗಳಲ್ಲ. ಕಂಬಳಿಹುಳುಗಳ ಮೈಯಲ್ಲಿ ಬೆಳೆಯುವಂಥವು ಇವೆ, ಅವು ಬೆಳೆಗೆ ಒಳ್ಳೆಯದೇ ಮಾಡುತ್ತವೆ. ಕಬ್ಬಿನ ಸುಳಿ ಕೊರೆಯುವ ಹುಳದ ಮೇಲೆ ಸ್ಟರ್ಮಿಯಾಪ್ಸಿಸ್ ಇನ್‌ಫೆರೆನ್ಸ್ ಎಂಬ ಟ್ಯಾಕಿನಿಡ್ ಅನ್ನು ಬೇಕೆಂದೇ ಬಿಡುತ್ತಾರೆ. ಊಜಿಗೂ ಅದಕ್ಕೂ ಒಂದೇ ಕುಟುಂಬ. ಒಂದನ್ನು ಬಲೆ ಕಟ್ಟಿ ತಡೆಯುತ್ತೇವೆ, ಇನ್ನೊಂದನ್ನು ಸಾಕಿ ಬಿಡುತ್ತೇವೆ. ತೋಟಕ್ಕೆ ಕೀಟನಾಶಕ ಹೊಡೆದರೆ ಇನ್ನೊಂದು ಅಪಾಯವೂ ಇದೆ. ಅದೇ ಸೊಪ್ಪನ್ನು ನಾಳೆ ಹುಳಕ್ಕೆ ಹಾಕಬೇಕಲ್ವಾ? ತಡೆಯಬೇಕಾದ ಜಾಗ ಹುಳು ಮನೆಯ ಬಾಗಿಲು, ಕಿಟಕಿ.

ಹಳೆಯ ಪುಸ್ತಕದಲ್ಲಿ ಬೇರೆ ಹೆಸರು ಇದೆ. ಯಾವುದು ಸರಿ?

ಹಳೆಯ ಬರಹಗಳಲ್ಲಿ ಟ್ರೈಕೋಲಿಗಾ ಬಾಂಬಿಸಿಸ್ ಎಂದೂ, ಎಕ್ಸೋರಿಸ್ಟಾ ಸಾರ್ಬಿಲನ್ಸ್ ಎಂದೂ ಸಿಗುತ್ತದೆ. ಈಗ ನಮ್ಮಲ್ಲಿ ಎಕ್ಸೋರಿಸ್ಟಾ ಬಾಂಬಿಸಿಸ್ ಎಂದೇ ಬರೆಯುತ್ತಾರೆ. ರೈತರಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ, ಹುಡುಕುವಾಗ ಮೂರೂ ಹೆಸರು ಗೊತ್ತಿದ್ದರೆ ಸಾಕು.

ಫೋಟೋ ತೆಗೆದು ಕಳಿಸಿದರೆ ಹೇಳಲು ಆಗುತ್ತದಾ?

ಹೇಗೆ ತೆಗೆದಿದ್ದೀರಿ ಎನ್ನುವುದರ ಮೇಲೆ. ಗೋಡೆಯ ಮೇಲೆ ಕೂತ ನೊಣದ ಬೆನ್ನಿನ ಫೋಟೋದಿಂದ ಯಾರೂ ಏನೂ ಹೇಳಲಾರರು. ನೊಣವನ್ನು ಸಣ್ಣ ಡಬ್ಬಿಯಲ್ಲಿ ಹಿಡಿದು ಫ್ರೀಜರ್‌ನಲ್ಲಿ ಹದಿನೈದು ನಿಮಿಷ ಇಡಿ. ಬಿಳಿ ಕಾಗದದ ಮೇಲೆ ಹಾಕಿ, ಪಕ್ಕದಲ್ಲಿ ಸ್ಕೇಲ್ ಇಡಿ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ್ದು ಒಂದು ತೆಗೆಯಿರಿ. ಭೂತಗನ್ನಡಿಯನ್ನು ಮೊಬೈಲ್ ಲೆನ್ಸಿಗೆ ಒತ್ತಿ ಹಿಡಿದರೆ ಆಶ್ಚರ್ಯ ಪಡುವಷ್ಟು ಚೆನ್ನಾಗಿ ಬರುತ್ತದೆ. ಪಕ್ಕದ ಫೋಟೋ ಇಲ್ಲದಿದ್ದರೆ ಉಳಿದೆರಡು ಇದ್ದೂ ಇಲ್ಲದ ಹಾಗೆ, ಆ ಎರಡನೇ ಗುಬುಟು ಕಾಣುವುದು ಅದರಲ್ಲೇ.

ನೊಣವನ್ನೇ ತೋರಿಸಬೇಕೆಂದರೆ ಚಪ್ಪಲಿಯಲ್ಲಿ ಹೊಡೆಯಬೇಡಿ! ಕೂದಲು ಉದುರಿದರೆ ಗುರುತೂ ಹೋಯಿತು. ಒಣಗಿಸಿ ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಇಡಿ. ಮರಿಯಾದರೆ ಮೊದಲು ಬಿಸಿನೀರಿಗೆ ಹಾಕಿ ಆಮೇಲೆ ಸ್ಪಿರಿಟ್‌ನಲ್ಲಿ ಇಡಿ. ನೇರವಾಗಿ ಸ್ಪಿರಿಟ್‌ಗೆ ಹಾಕಿದರೆ ಕಪ್ಪಾಗುತ್ತದೆ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ, ಬೆಂಗಳೂರಿನ ತಲಘಟ್ಟಪುರದ ರಾಜ್ಯ ಸಂಸ್ಥೆ, ಅಥವಾ ನಿಮ್ಮ ಹತ್ತಿರದ ರೇಷ್ಮೆ ಇಲಾಖೆ ಕಚೇರಿಯಲ್ಲಿ ಕೇಳಬಹುದು.

ಮರಿಯನ್ನು ಸಾಕಿ ನೊಣ ಮಾಡಿ ನೋಡಬಹುದಾ?

ನೋಡಬಹುದು, ನನ್ನ ಪ್ರಕಾರ ಮನೆಯಲ್ಲೇ ಮಾಡಬಹುದಾದ ಅತಿ ನಂಬಿಕೆಯ ಪರೀಕ್ಷೆ ಅದೇ. ರೇಷ್ಮೆ ಹುಳದಿಂದ ನಿಮ್ಮ ಕಣ್ಣೆದುರೇ ಹೊರಬಂದ ಮರಿಯನ್ನು ಗಾಜಿನ ಬಾಟಲಿಯಲ್ಲಿ ಹಾಕಿ. ತಳದಲ್ಲಿ ಎರಡು ಬೆರಳಷ್ಟು ಸ್ವಲ್ಪ ತೇವದ ಮರಳು ಇರಲಿ. ಬಾಯಿಗೆ ತೆಳು ಬಟ್ಟೆ ಎರಡು ಮಡಿಕೆ ಮಾಡಿ ರಬ್ಬರ್ ಹಾಕಿ. ಬಾಟಲಿಯ ಮೇಲೆ ದಿನಾಂಕ ಬರೆಯಿರಿ. 10ರಿಂದ 12 ದಿನಕ್ಕೆ ನೊಣ ಹೊರಬರುತ್ತದೆ, ಚಳಿ ಇದ್ದರೆ ತಡವಾಗಬಹುದು. ಆಗ ತಾನೇ ಬಂದ ನೊಣದ ಮೈ ಮೆತ್ತಗೆ, ರೆಕ್ಕೆ ಮುದುಡಿ, ಬಣ್ಣ ಮಸುಕಾಗಿರುತ್ತದೆ. ಒಂದು ದಿನ ಬಿಟ್ಟು ನೋಡಿ. ನೋಡಿ ಆದ ಮೇಲೆ ಬಾಟಲಿಯನ್ನು ಹಾಗೇ ಫ್ರೀಜರ್‌ಗೆ ಹಾಕಿ. ಪಾಪ ಎಂದು ಕಿಟಕಿಯಿಂದ ಬಿಟ್ಟರೆ ಪಕ್ಕದ ಮನೆಯವರು ನಿಮ್ಮನ್ನು ಬಿಡುವುದಿಲ್ಲ.

ಮನುಷ್ಯರಿಗೆ, ದನಕ್ಕೆ ಇದು ಕಚ್ಚುತ್ತದಾ?

ಇಲ್ಲ. ದೊಡ್ಡ ನೊಣ ಸಿಹಿ ರಸ ಹೀರಿ ಬದುಕುತ್ತದೆ.

ಊಜಿ ಎಂದು ಖಚಿತವಾಯಿತು. ಈಗ?

ಬಾಗಿಲು, ಕಿಟಕಿಗೆ ಜಾಲರಿ, ಬಾಗಿಲ ಮುಂದೆ ಒಂದು ಸಣ್ಣ ಒಳಕೋಣೆ, ಇದು ಮೊದಲು. ಮೊಟ್ಟೆ ಕೊಲ್ಲಲು ಊಜಿಸೈಡ್, ನೊಣ ಹಿಡಿಯಲು ಊಜಿ ಟ್ರ್ಯಾಪ್ ಮಾತ್ರೆ ಕರಗಿಸಿದ ಬಿಳಿ ತಟ್ಟೆ, ಕೋಶಕ್ಕೆ ಕಣಜ. ಪ್ರತಿಯೊಂದೂ ಒಂದೊಂದು ಹಂತಕ್ಕೆ ಮಾತ್ರ ಕೆಲಸ ಮಾಡುತ್ತದೆ. ಮರಿ ಒಳಗೆ ಹೋದ ಮೇಲೆ ಊಜಿಸೈಡ್ ಹೊಡೆದು ಲಾಭವಿಲ್ಲ. ಅದಕ್ಕೇ ಯಾವ ಹಂತ ಕಂಡಿರಿ ಎಂದು ಗುರುತಿಸುವುದು ಮುಖ್ಯ. ಸಿಕ್ಕ ಮರಿಗಳನ್ನು ಸೋಪು ನೀರಿಗೆ ಹಾಕಿ. ಬೀದಿಗೆ ಎಸೆದರೆ ಮಣ್ಣಿಗಿಳಿದು ಕೋಶವಾಗಿ ವಾಪಸ್ ಬರುತ್ತವೆ.

ಮರಿ ಸಿಕ್ಕ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ, ನೊಣ ಯಾವಾಗ ಒಳಗೆ ಬಂತು ಎಂದು ಹೇಳಬಹುದಾ?

ಸುಮಾರಾಗಿ ಹೇಳಬಹುದು. ಮೊಟ್ಟೆಗೆ 2ರಿಂದ 3 ದಿನ, ಮರಿ ಒಳಗೆ ಬೆಳೆಯಲು 5ರಿಂದ 8 ದಿನ. ಎಂದರೆ ಮರಿ ಹೊರಬಂದ ದಿನದಿಂದ 7ರಿಂದ 11 ದಿನ ಹಿಂದೆ ನೊಣ ಒಳಗಿತ್ತು. ಆ ದಿನಗಳಲ್ಲಿ ಏನಾಗಿತ್ತು ಎಂದು ನೆನಪು ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಒಮ್ಮೆ ಹೀಗೆ ಲೆಕ್ಕ ಹಾಕಿದಾಗ ಸೊಪ್ಪಿನ ಹೊರೆ ದೊಡ್ಡದಾಗಿ ಬರುತ್ತಿದ್ದ ವಾರ ಸಿಕ್ಕಿತು. ಹೊರೆ ಹೊತ್ತು ಒಳಗೆ ಹೋಗುವಾಗ ಕೊಂಬೆ ತಾಗಿ, ಜಾಲರಿ ಬಾಗಿಲಿನ ಕೆಳಗಿನ ಮೂಲೆ ಕಿತ್ತಿತ್ತು. ಎರಡು ಬೆರಳು ಹೋಗುವಷ್ಟು ಸಂದು. ಬಾಗಿಲು ತೆರೆದಾಗ ಅದು ಗೋಡೆಯ ಕಡೆ ತಿರುಗುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.